ಜ್ವರ ಬಿಟ್ಟ ಮೇಲೂ ಎಕೋ ಯಾಕೆ? ಮಕ್ಕಳ ಕವಾಸಾಕಿ ಕಾಯಿಲೆ ಮತ್ತು ಹೃದಯದ ನಾಳಗಳು

ಕವಾಸಾಕಿ ಕಾಯಿಲೆಯ ಜ್ವರ ಔಷಧಿ ಕೊಡದಿದ್ದರೂ ಬಿಡುತ್ತದೆ. ಹತ್ತು ಹನ್ನೆರಡು ದಿನ, ಕೆಲವು ಮಕ್ಕಳಲ್ಲಿ ಮೂರು ವಾರದವರೆಗೂ ಕಾಡಿಸಿ ತಾನಾಗಿಯೇ ಇಳಿಯುತ್ತದೆ. ಮೈಮೇಲಿನ ಕೆಂಪು ಮಾಯುತ್ತದೆ. ಮಗು ಊಟ ಕೇಳುತ್ತದೆ, ಅಂಗಳಕ್ಕೆ ಓಡುತ್ತದೆ. ಆದರೆ ಹೃದಯಕ್ಕೆ ರಕ್ತ ಕೊಡುವ ನಾಳಗಳು ಉಬ್ಬುವುದು ಹೆಚ್ಚಾಗಿ ಇದೇ ಹೊತ್ತಿನಲ್ಲಿ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಸರಿಯಾದ ಔಷಧಿ ಸಿಕ್ಕರೆ ಅಪಾಯ ನೂರಕ್ಕೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ.

ಈ ಎರಡು ಅಂಕಿಗಳ ನಡುವೆ ಇರುವುದು ಕೆಲವೇ ದಿನ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಆ ದಿನಗಳು ಹೇಗೆ ಕಳೆದುಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು. ಎರಡು ದಿನ ಮನೆಯಲ್ಲೇ ಪ್ಯಾರಾಸಿಟಮಾಲ್ ಸಿರಪ್. ಆಮೇಲೆ ಊರಿನ ಕ್ಲಿನಿಕ್ಕಿನಲ್ಲಿ ಒಂದು ಆಂಟಿಬಯಾಟಿಕ್. ಅದು ಹಿಡಿಯಲಿಲ್ಲ ಅಂತ ಇನ್ನೊಂದು. ಮಧ್ಯೆ ಒಂದು ಭಾನುವಾರ, ಒಂದು ರಕ್ತ ಪರೀಕ್ಷೆ. ಅಷ್ಟರಲ್ಲಿ ವಾರ ಮುಗಿದಿರುತ್ತದೆ. ಇದರಲ್ಲಿ ತಾಯಿ ತಂದೆಯರ ತಪ್ಪೇನೂ ಇಲ್ಲ. ಮಕ್ಕಳ ನೂರು ಜ್ವರಗಳಲ್ಲಿ ಬಹುಪಾಲು ಹೀಗೆಯೇ ವಾಸಿಯಾಗುತ್ತವೆ. ಹಾಗಾಗದ ಈ ಒಂದನ್ನು ಗುರುತಿಸುವುದು ಹೇಗೆ, ಆಮೇಲೆ ಏನು ಮಾಡುತ್ತಾರೆ, ಅದೇ ಈ ಲೇಖನ.

ಇದು ರಕ್ತನಾಳಗಳ ಗೋಡೆಗೆ ಉರಿಯೂತ ಬರುವ ಕಾಯಿಲೆ. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ನಾಳದ ಗೋಡೆಯೊಳಗೆ ನುಗ್ಗಿ, ಹಿಗ್ಗಿ ಕುಗ್ಗುವ ಪದರವನ್ನು ಹಾಳು ಮಾಡುತ್ತವೆ. ಬಲ ಕಳೆದುಕೊಂಡ ಗೋಡೆ ಒಳಗಿನ ರಕ್ತದ ಒತ್ತಡಕ್ಕೆ ಉಬ್ಬುತ್ತದೆ. ಹೆಚ್ಚು ಪೆಟ್ಟು ಬೀಳುವುದು ಕರೋನರಿ ನಾಳಗಳಿಗೆ. ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವುದು ಇವೇ. ಐದು ವರ್ಷದೊಳಗಿನ ಮಕ್ಕಳಿಗೆ ಈ ಕಾಯಿಲೆ ಜಾಸ್ತಿ, ಅದರಲ್ಲೂ ಗಂಡು ಮಕ್ಕಳಿಗೆ ಸ್ವಲ್ಪ ಹೆಚ್ಚು. ಯಾವುದರಿಂದ ಶುರುವಾಗುತ್ತದೆ ಅನ್ನುವುದನ್ನು ವಿಜ್ಞಾನ ಇನ್ನೂ ಪತ್ತೆ ಹಚ್ಚಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಟೋಕಿಯೋದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿದ್ದ ತೊಮಿಸಾಕು ಕವಾಸಾಕಿ ಇಂಥ ಮೊದಲ ಮಗುವನ್ನು ನೋಡಿದ್ದು 1961ರಲ್ಲಿ. 1967ರಲ್ಲಿ ಅವರು 50 ಮಕ್ಕಳ ವಿವರ ಬರೆದು ಪ್ರಕಟಿಸಿದರು. ಆಗ ಇದನ್ನು ತಾನಾಗಿ ವಾಸಿಯಾಗುವ ಸಾಧು ಕಾಯಿಲೆ ಅಂದುಕೊಂಡಿದ್ದರು. ಆಮೇಲೆ ಜ್ವರದಿಂದ ಗುಣವಾಗಿದ್ದ ಕೆಲವು ಮಕ್ಕಳು ದಿಢೀರನೆ ತೀರಿಕೊಂಡ ಸಂಗತಿ ಹೊರಗೆ ಬಂತು. ಮರಣೋತ್ತರ ಪರೀಕ್ಷೆಯಲ್ಲಿ ಉಬ್ಬಿದ ಕರೋನರಿ, ಅದರೊಳಗೆ ಹೆಪ್ಪುಗಟ್ಟಿದ ರಕ್ತ ಕಂಡಿತು. ಜ್ವರ ಬಿಟ್ಟರೆ ಕಾಯಿಲೆ ಮುಗಿದ ಹಾಗಲ್ಲ ಅನ್ನುವ ಪಾಠವನ್ನು ವೈದ್ಯಲೋಕ ಕಲಿತದ್ದು ಆ ಮಕ್ಕಳಿಂದ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಅಲ್ಲಿನ ಲೈನ್ ಮನೆಯಲ್ಲಿ ಮೂರು ವರ್ಷದ, 12 ಕೆ.ಜಿ. ತೂಕದ ಮಗು. ಜ್ವರ ಬಂದು ನಾಲ್ಕು ದಿನ. ಮೈಮೇಲೆ ಕೆಂಪು ಗುಳ್ಳೆ ಎದ್ದಿವೆ. "ಅಮ್ಮ ಆಗೈತೆ ಕಣವ್ವ, ಬೇವಿನ ಸೊಪ್ಪು ಹಾಸು" ಅಂತ ಅಜ್ಜಿ ಹೇಳುತ್ತಾರೆ. ಅಜ್ಜಿಯ ಅನುಮಾನ ಸುಳ್ಳೂ ಅಲ್ಲ, ದಡಾರದಲ್ಲೂ ಹೀಗೆ ಜ್ವರ, ಕೆಂಪು ಕಣ್ಣು, ಮೈಮೇಲೆ ಗುಳ್ಳೆ ಇರುತ್ತವೆ. ಆದರೆ ಈ ಮಗುವಿಗೆ ಕೆಮ್ಮು, ನೆಗಡಿ ಅಷ್ಟಾಗಿ ಇಲ್ಲ. ಎರಡೂ ಕಣ್ಣು ಕೆಂಪಾಗಿವೆ, ಪಿಸುರು ಮಾತ್ರ ಇಲ್ಲ. ಮದ್ರಾಸ್ ಐ ಆಗಿದ್ದರೆ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ತುಟಿ ಕೆಂಪಾಗಿ ಒಡೆದಿದೆ. ನಾಲಿಗೆ ಕೆಂಪಗೆ, ಮೇಲೆ ಸಣ್ಣ ಸಣ್ಣ ಬೊಬ್ಬೆ ಎದ್ದ ಹಾಗೆ ಒರಟಾಗಿದೆ. ಅಂಗೈ, ಅಂಗಾಲು ಊದಿವೆ, ಚಪ್ಪಲಿ ಹಾಕಿಸಿಕೊಳ್ಳಲು ಮಗು ಅಳುತ್ತದೆ. ಕುತ್ತಿಗೆಯ ಒಂದು ಪಕ್ಕ ಗಡ್ಡೆ ಕೈಗೆ ಸಿಗುತ್ತದೆ.

ಕಣ್ಣು, ಬಾಯಿ, ಚರ್ಮ, ಕೈಕಾಲು, ಕುತ್ತಿಗೆ. ಐದು ದಿನ ಜ್ವರದ ಜೊತೆ ಈ ಐದರಲ್ಲಿ ನಾಲ್ಕು ಕಂಡರೆ ಕವಾಸಾಕಿ ಅಂತ ವೈದ್ಯರು ತೀರ್ಮಾನಿಸುತ್ತಾರೆ. ಲಕ್ಷಣಗಳೆಲ್ಲ ಸ್ಪಷ್ಟವಾಗಿದ್ದರೆ ನಾಲ್ಕನೇ ದಿನಕ್ಕೇ ಹೇಳಬಹುದು. ಇದೇ ಕಾಯಿಲೆ ಅಂತ ಸಾಬೀತು ಮಾಡುವ ಒಂದೇ ರಕ್ತ ಪರೀಕ್ಷೆ ಇಲ್ಲ. ಕಣ್ಣಿಂದ ನೋಡಿ, ಕೇಳಿ, ಕೂಡಿಸಿ ಕಂಡುಹಿಡಿಯಬೇಕು.

ತೊಡಕು ಇರುವುದು ಇಲ್ಲೇ. ಈ ಲಕ್ಷಣಗಳು ಒಟ್ಟಿಗೆ ಬರುವುದಿಲ್ಲ. ಸೋಮವಾರ ಕಂಡ ಗುಳ್ಳೆ ಬುಧವಾರಕ್ಕೆ ಇರುವುದಿಲ್ಲ. ಬುಧವಾರ ಕೆಂಪಾದ ಕಣ್ಣು ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಿಳಿಯಾಗಿರುತ್ತದೆ. ಹಾಗಾಗಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಜ್ವರ ಶುರುವಾದ ತಾರೀಕು ಬರೆದಿಡಿ. ವೈದ್ಯರು "ಯಾವಾಗಿಂದಮ್ಮಾ ಜ್ವರ?" ಅಂದಾಗ "ಒಂದ್ ನಾಲ್ಕೈದು ದಿನ ಆಗಿರ್ಬೋದು" ಅನ್ನುವುದಕ್ಕಿಂತ ಆ ತಾರೀಕು ಎಷ್ಟೋ ಬೆಲೆಬಾಳುತ್ತದೆ. ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು. ಇನ್ನೊಂದು ಸುಳಿವೂ ಇದೆ. ಹುಟ್ಟಿದಾಗ ಎಡತೋಳಿಗೆ ಹಾಕಿಸಿದ ಬಿ.ಸಿ.ಜಿ. ಚುಚ್ಚುಮದ್ದಿನ ಕಲೆಯ ಸುತ್ತ ಕೆಂಪಾಗಿ ಊದಿದರೆ, ಜ್ವರದ ಮಗುವಿನಲ್ಲಿ ಅದನ್ನು ಕಡೆಗಣಿಸಬಾರದು. ಬೆರಳ ತುದಿಯ ಚರ್ಮ ಸುಲಿಯುವುದು ಈ ಕಾಯಿಲೆಯ ಹೆಸರುವಾಸಿ ಗುರುತು. ಆದರೆ ಅದು ಕಾಣುವುದು ಎರಡು ಮೂರು ವಾರಕ್ಕೆ. ಅಲ್ಲಿಯವರೆಗೆ ಕಾದರೆ ಹೊತ್ತು ಮೀರಿರುತ್ತದೆ.

ಒಂದು ವರ್ಷದೊಳಗಿನ ಕೂಸುಗಳ ಬಗ್ಗೆ ನನಗೆ ಹೆಚ್ಚು ಕಳವಳ. ಅವುಗಳಲ್ಲಿ ಲಕ್ಷಣ ಕಡಿಮೆ, ಹೃದಯಕ್ಕೆ ಅಪಾಯ ಜಾಸ್ತಿ. ಜ್ವರ, ರಚ್ಚೆ, ಒಂದಿಷ್ಟು ಕೆಂಪು, ಅಷ್ಟೇ ಇರಬಹುದು. ಆರು ತಿಂಗಳೊಳಗಿನ ಕೂಸಿಗೆ ಏಳು ದಿನ ಕಾರಣ ಗೊತ್ತಾಗದ ಜ್ವರ ಇದ್ದರೆ, ಬೇರೆ ಏನೂ ಕಾಣದಿದ್ದರೂ ಕವಾಸಾಕಿಯ ದೃಷ್ಟಿಯಿಂದ ರಕ್ತ ಪರೀಕ್ಷೆ ಮಾಡಿಸಬೇಕು, ಉರಿಯೂತ ಕಂಡರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಮಾರ್ಗಸೂಚಿ ಹೇಳುತ್ತದೆ.

ರಕ್ತ ಪರೀಕ್ಷೆ ಅಂದಕೂಡಲೇ ನಮ್ಮ ಜನ ಮೊದಲು ಕೇಳುವುದು ಪ್ಲೇಟ್‌ಲೆಟ್. ಡೆಂಗಿ ಕಲಿಸಿದ ಅಭ್ಯಾಸ ಅದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಮಲೆನಾಡಿನ ಮಂಗನ ಕಾಯಿಲೆಯಲ್ಲೂ ಇಳಿಯುತ್ತದೆ. ಕವಾಸಾಕಿಯಲ್ಲಿ ಸಾಮಾನ್ಯವಾಗಿ ಎರಡನೇ ವಾರದಿಂದ ಏರುತ್ತದೆ. ನಾಲ್ಕೂವರೆ ಲಕ್ಷ ದಾಟುತ್ತದೆ, ಕೆಲವೊಮ್ಮೆ ಹತ್ತು ಲಕ್ಷ ಮುಟ್ಟುವುದೂ ಉಂಟು. ರಿಪೋರ್ಟ್ ನೋಡಿ "ಪ್ಲೇಟ್‌ಲೆಟ್ ಚೆನ್ನಾಗಿದೆ, ಭಯ ಇಲ್ಲ" ಅಂತ ಮನೆಯವರು ನಿರಾಳವಾಗುತ್ತಾರೆ. ಬಿಡದ ಜ್ವರದ ಜೊತೆ ಏರುತ್ತಿರುವ ಪ್ಲೇಟ್‌ಲೆಟ್ ನಿರಾಳವಾಗುವ ಸುದ್ದಿಯಲ್ಲ. ಜೊತೆಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿ.ಆರ್.ಪಿ., ಇ.ಎಸ್.ಆರ್. ಎರಡೂ ಏರಿರುತ್ತವೆ, ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಇಳಿದಿರುತ್ತದೆ. ಮೂತ್ರದಲ್ಲಿ ಬಿಳಿ ಕಣ ಕಾಣುತ್ತವೆ. ಹಾಗಾಗಿ ಮೂತ್ರದ ಸೋಂಕು ಅಂತ ದಾರಿ ತಪ್ಪುವ ಸಾಧ್ಯತೆಯೂ ಇದೆ.

ಇನ್ನು ಎಕೋ. ಇದು ಶಬ್ದದ ಅಲೆಗಳಿಂದ ತೆಗೆಯುವ ಚಿತ್ರ. ಎಕ್ಸ್-ರೇ ಕಿರಣ ಇಲ್ಲ, ನೋವಿಲ್ಲ. ಎದೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ, ಅದು ಕಳಿಸುವ ಶಬ್ದ ಒಳಗೆ ಬಡಿದು ಮರಳುತ್ತದೆ, ಯಂತ್ರ ಅದನ್ನು ಚಿತ್ರ ಮಾಡುತ್ತದೆ. ಕೇಳಲು ಸುಲಭ. ಆದರೆ ಪುಟ್ಟ ಮಗುವಿನ ಕರೋನರಿ ಎಷ್ಟು ದಪ್ಪ ಗೊತ್ತಾ? ಎರಡು ಮಿಲಿಮೀಟರ್ ಆಸುಪಾಸು. ಅದೂ ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಸಲ ಬಡಿಯುವ ಹೃದಯದ ಮೇಲೆ. ಜ್ವರದಲ್ಲಿ ಕಿರಿಕಿರಿಯಾಗಿ ಒದ್ದಾಡುವ ಮಗುವಿನಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಅಳೆಯಬೇಕು. ಅದಕ್ಕೇ ಮಗುವಿಗೆ ನಿದ್ದೆ ಬರಿಸುವ ಸಿರಪ್ ಕೊಟ್ಟು ಎಕೋ ಮಾಡುತ್ತಾರೆ. ಮಲಗಿಸಿ ಮಾಡೋಣ ಅಂದರೆ ಹೆದರಬೇಡಿ, ಕೊನೇ ಸಲ ಯಾವಾಗ ಹಾಲು ಊಟ ಕೊಟ್ಟಿರಿ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಿ. ದೊಡ್ಡವರ ಎಕೋದಲ್ಲಿ ಹೃದಯದ ಪಂಪ್, ಕವಾಟ ನೋಡುತ್ತಾರೆ, ಕರೋನರಿ ಅಳೆಯುವುದು ವಾಡಿಕೆಯಲ್ಲ. ಮಕ್ಕಳ ಹೃದಯ ನೋಡಿ ಅಭ್ಯಾಸವಿರುವ ಕೈ ಬೇಕು ಅನ್ನುವುದು ಈ ಕಾರಣಕ್ಕೆ.

ಅಳೆದ ಮೇಲೆ ಇನ್ನೊಂದು ಹೆಜ್ಜೆ. ಹತ್ತು ವರ್ಷದ ಹುಡುಗನಿಗೆ 3 ಮಿಲಿಮೀಟರ್ ಮಾಮೂಲು ಇರಬಹುದು. ಆರು ತಿಂಗಳ ಕೂಸಿಗೆ ಅದು ಉಬ್ಬು. ಹಾಗಾಗಿ ಬರೀ ಮಿಲಿಮೀಟರ್ ಸಾಲದು. ಮಗುವಿನ ಎತ್ತರ, ತೂಕ ಹಾಕಿ, ಅದೇ ಗಾತ್ರದ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿ ಒಂದು ಅಂಕಿ ತೆಗೆಯುತ್ತಾರೆ. ಅದಕ್ಕೆ ಝಡ್ ಸ್ಕೋರ್ ಅಂತ ಹೆಸರು. ಸೊನ್ನೆ ಅಂದರೆ ಸರಾಸರಿ. 2ಕ್ಕಿಂತ ಕಡಿಮೆ ಇದ್ದರೆ ಸರಿ. 2ರಿಂದ 2.5ರ ಒಳಗೆ ಸ್ವಲ್ಪ ಹಿಗ್ಗಿದೆ ಅಂತ. 2.5 ಮುಟ್ಟಿದರೆ ಸಣ್ಣ ಉಬ್ಬು, 5 ಮುಟ್ಟಿದರೆ ಮಧ್ಯಮ. 10 ಮುಟ್ಟಿದರೆ, ಇಲ್ಲವೇ ನಾಳ 8 ಮಿಲಿಮೀಟರ್ ಆದರೆ ದೈತ್ಯ ಉಬ್ಬು. ಇದರಲ್ಲಿ ಒಂದು ಸೂಕ್ಷ್ಮವಿದೆ. ತೂಕವನ್ನು ಅಂದಾಜಿಗೆ ಹೆಚ್ಚು ಬರೆದರೆ ಯಂತ್ರ ಮಗುವನ್ನು ದೊಡ್ಡದು ಅಂದುಕೊಳ್ಳುತ್ತದೆ, ಸ್ಕೋರ್ ಕಡಿಮೆ ತೋರಿಸುತ್ತದೆ, ಉಬ್ಬು ಮರೆಯಾಗುತ್ತದೆ. ಎಕೋಗೆ ಮೊದಲು ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲು ಕೇಳಿ. ಎತ್ತರವೂ ಅಳೆಸಿ. ರಿಪೋರ್ಟಿನಲ್ಲಿ ಮಿಲಿಮೀಟರ್, ಝಡ್ ಸ್ಕೋರ್ ಎರಡೂ ಬರೆಸಿಕೊಳ್ಳಿ. ಸುಮ್ನೆ 'ನಾರ್ಮಲ್' ಅಂತ ಬರೆದ ಕಾಗದದಿಂದ ಮುಂದಿನ ಸಲ ಹೋಲಿಸಿ ನೋಡಲು ಆಗುವುದಿಲ್ಲ.

ಮೊದಲ ಎಕೋ ಚೆನ್ನಾಗಿದ್ದರೆ ಮುಗಿಯಿತಾ? ಇಲ್ಲ. ಮೊದಲ ವಾರದಲ್ಲಿ ಬಹಳಷ್ಟು ಮಕ್ಕಳ ಎಕೋ ಚೆನ್ನಾಗಿಯೇ ಇರುತ್ತದೆ. ನಾಳ ಹಿಗ್ಗುವುದು ಸಾಮಾನ್ಯವಾಗಿ ಆಮೇಲೆ. ಅದಕ್ಕಾಗಿ ಕಾಯಿಲೆ ಗುರುತಿಸಿದಾಗ ಒಂದು, ಚಿಕಿತ್ಸೆಯಾಗಿ ಒಂದೆರಡು ವಾರಕ್ಕೆ ಇನ್ನೊಂದು, ನಾಲ್ಕರಿಂದ ಆರು ವಾರಕ್ಕೆ ಮತ್ತೊಂದು. ಕಡಿಮೆ ಎಂದರೂ ಮೂರು. ನಮ್ಮಲ್ಲಿ ತಪ್ಪಿಹೋಗುವುದು ಎರಡನೆಯದು ಮತ್ತು ಮೂರನೆಯದು. ಮಗು ಆಡಿಕೊಂಡಿರುತ್ತದೆ. ಕಾಫಿ ಕುಯ್ಲಿನ ಸಮಯ, ಒಂದು ದಿನದ ಕೂಲಿ ಹೋಗುತ್ತದೆ. ಮಳೆಗಾಲದಲ್ಲಿ ಶಿರಾಡಿಯೋ ಚಾರ್ಮಾಡಿಯೋ ಕುಸಿದರೆ ಮಂಗಳೂರಿನ ದಾರಿಯೇ ಇರುವುದಿಲ್ಲ. ಚೆನ್ನಾಗಿರುವ ಮಗುವನ್ನು ಕಟ್ಟಿಕೊಂಡು ಬೆಂಗಳೂರಿಗೋ ಮೈಸೂರಿಗೋ ಬಸ್ಸು ಹತ್ತುವುದು ಯಾರಿಗೂ ಸುಲಭವಲ್ಲ. ಆದರೂ ಹೋಗಲೇಬೇಕು. ಜ್ವರದಂತೆ ಈ ಉಬ್ಬು ಹೊರಗೆ ಕಾಣುವುದಿಲ್ಲ, ಮಗುವಿಗೆ ನೋವೂ ಕೊಡುವುದಿಲ್ಲ. ಎಕೋ ಬಿಟ್ಟರೆ ಅದನ್ನು ತೋರಿಸುವ ಸುಲಭ ದಾರಿ ಬೇರೆ ಇಲ್ಲ.

ಹಾಗಂತ ಎಲ್ಲ ಮಕ್ಕಳಿಗೂ ಎಕೋ ಬೇಕಾ? 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದೊಡ್ಡ ಸುದ್ದಿಯಾದಾಗ, ಹೆದರಿದ ಜನ ತಪಾಸಣೆಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದು ನೆನಪಿದೆ ಅಲ್ವಾ? ಮಕ್ಕಳಿಗೂ ಒಂದು ಸ್ಕ್ಯಾನ್ ಮಾಡಿಸಿಬಿಡೋಣ ಅನ್ನುವವರು ಈಗಲೂ ಇದ್ದಾರೆ. ಆರೋಗ್ಯವಾಗಿರುವ, ಯಾವ ಲಕ್ಷಣವೂ ಇಲ್ಲದ ಮಗುವಿಗೆ ಅದರ ಅಗತ್ಯವಿಲ್ಲ. ಐದು ದಿನ ಬಿಡದ ಜ್ವರದ ಮಗುವಿಗೆ ಮಕ್ಕಳ ತಜ್ಞರನ್ನು ಕಾಣುವ ಅಗತ್ಯ ಖಂಡಿತ ಇದೆ.

ಚಿಕಿತ್ಸೆಯ ಮುಖ್ಯ ಔಷಧಿ ಇಮ್ಯುನೋಗ್ಲಾಬ್ಯುಲಿನ್. ಆಸ್ಪತ್ರೆಯಲ್ಲಿ ಐ.ವಿ.ಐ.ಜಿ. ಅನ್ನುತ್ತಾರೆ. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಮಾಡಿದ ಔಷಧಿ ಇದು. 1984ರಲ್ಲಿ ಜಪಾನಿನ ಫುರುಶೋ ಮತ್ತು ಸಂಗಡಿಗರು ಇದರಿಂದ ಕರೋನರಿ ಉಬ್ಬು ಕಡಿಮೆಯಾಗುತ್ತದೆ ಅಂತ ತೋರಿಸಿದರು. 1986ರಲ್ಲಿ ಅಮೆರಿಕದ ಜೇನ್ ನ್ಯೂಬರ್ಗರ್ ಅವರ ತಂಡ ಅದನ್ನೇ ಗಟ್ಟಿ ಮಾಡಿತು. ಪ್ರಮಾಣ ಕೆ.ಜಿ.ಗೆ 2 ಗ್ರಾಂ, ಒಂದೇ ಸಲ, ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಡ್ರಿಪ್. ನಮ್ಮ ಲೈನ್ ಮನೆಯ ಮಗುವಿಗೆ 24 ಗ್ರಾಂ ಬೇಕು, ಅಂದರೆ 5 ಗ್ರಾಂನ ಐದು ಬಾಟಲಿ. ಇದು ದುಬಾರಿ, ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವುದೂ ಕಷ್ಟ. ಕೈಯಲ್ಲಿ ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಕೆಲಸಕ್ಕೆ ನೆರವಾಗುವ ಆರೋಗ್ಯ ಮಿತ್ರ ಎಲ್ಲಿ ಕೂರುತ್ತಾರೆ ಅಂತ ಮೊದಲು ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ, ರೆಫರಲ್ ಪತ್ರ ಬೇಕಾ ಅನ್ನುವುದನ್ನು ಅಲ್ಲೇ ತಿಳಿದುಕೊಳ್ಳಿ. ಹತ್ತು ದಿನ ದಾಟಿದ ಮೇಲೆ ಬಂದರೂ, ಜ್ವರ ಅಥವಾ ಉರಿಯೂತ ಇನ್ನೂ ಇದ್ದರೆ ಈ ಔಷಧಿ ಕೊಡುತ್ತಾರೆ. ತಡವಾಯಿತು ಅಂತ ಮನೆಯಲ್ಲೇ ಉಳಿಯಬೇಡಿ.

ಜೊತೆಗೆ ಆಸ್ಪಿರಿನ್. ಜ್ವರ ಇರುವಾಗ ಹೆಚ್ಚು ಪ್ರಮಾಣ, ಜ್ವರ ಬಿಟ್ಟ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಸಣ್ಣ ಪ್ರಮಾಣ, ಆರರಿಂದ ಎಂಟು ವಾರ. ಇಲ್ಲಿ ಒಂದು ಎಚ್ಚರಿಕೆ. ಜ್ವರದ ಮಗುವಿಗೆ ಮನೆಯಲ್ಲಿ ಆಸ್ಪಿರಿನ್ ಕೊಡಲೇಬಾರದು. ಡೆಂಗಿ ಆಗಿದ್ದರೆ ರಕ್ತಸ್ರಾವವಾಗಬಹುದು. ಕವಾಸಾಕಿ ಅಂತ ಖಚಿತವಾದ ಮೇಲೆ, ವೈದ್ಯರು ಬರೆದರೆ ಮಾತ್ರ. ಆಸ್ಪಿರಿನ್ ನಡೆಯುತ್ತಿರುವಾಗ ಐಬುಪ್ರೊಫೆನ್ ಸಿರಪ್ ಕೊಟ್ಟರೆ ಆಸ್ಪಿರಿನ್ನಿನ ಕೆಲಸ ಕೆಡುತ್ತದೆ. ಆ ಸಮಯದಲ್ಲಿ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ತಗುಲಿದರೆ ತಕ್ಷಣ ವೈದ್ಯರಿಗೆ ತಿಳಿಸಿ. ಆಸ್ಪಿರಿನ್ ಜೊತೆ ಈ ವೈರಸ್‌ಗಳು ಸೇರಿದರೆ ಮಿದುಳು, ಯಕೃತ್ತಿಗೆ ಪೆಟ್ಟು ಬೀಳುವ ರೇ ಸಿಂಡ್ರೋಮ್ ಅನ್ನುವ ಅಪರೂಪದ ಅಪಾಯವಿದೆ.

ಡ್ರಿಪ್ ಮುಗಿದು 36 ಗಂಟೆ ಕಳೆದ ಮೇಲೂ ಜ್ವರ ಇದ್ದರೆ ಔಷಧಿ ಸಾಕಾಗಿಲ್ಲ ಅಂತ ಅರ್ಥ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಲ್ಲಿ ಹೀಗಾಗುತ್ತದೆ. ಆಗ ಇನ್ನೊಂದು ಸುತ್ತು ಐ.ವಿ.ಐ.ಜಿ., ಸ್ಟೀರಾಯ್ಡ್, ಇಲ್ಲವೇ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮಾಬ್ ಅನ್ನುವ ಔಷಧಿ. ಅಪಾಯ ಜಾಸ್ತಿ ಇರುವ ಮಕ್ಕಳಿಗೆ ಮೊದಲೇ ಸ್ಟೀರಾಯ್ಡ್ ಸೇರಿಸಿದರೆ ಒಳ್ಳೆಯದು ಅನ್ನುವುದನ್ನು 2012ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ತೋರಿಸಿತು. ಸ್ಟೀರಾಯ್ಡ್ ಅಂದರೆ ನಮ್ಮಲ್ಲಿ ಭಯ. ಇಲ್ಲಿ ಅದು ನಾಳ ಉಳಿಸುವ ಔಷಧಿ.

ಇಷ್ಟಾದರೂ ಕೆಲವು ಮಕ್ಕಳಲ್ಲಿ ನಾಳ ಉಬ್ಬುತ್ತದೆ. ಉಬ್ಬು ಒಡೆಯುತ್ತದೆ ಅನ್ನುವುದು ಜನರ ಭಯ. ಅದು ತೀರಾ ಅಪರೂಪ. ನಿಜವಾದ ಅಪಾಯ ಹೆಪ್ಪು. ಹೇಮಾವತಿ ನಾಲೆ ಕಿರಿದಾದ ಕಡೆ ನೀರು ರಭಸವಾಗಿ ಹೋಗುತ್ತದೆ, ಅಗಲವಾದ ಕಡೆ ನಿಧಾನವಾಗಿ ಹೂಳು ಕೂರುತ್ತದೆ. ಉಬ್ಬಿದ ನಾಳದಲ್ಲೂ ರಕ್ತ ಹೀಗೆ ನಿಧಾನವಾಗುತ್ತದೆ, ಅದೂ ಪ್ಲೇಟ್‌ಲೆಟ್ ಲಕ್ಷಗಟ್ಟಲೆ ಏರಿರುವ ಹೊತ್ತಿನಲ್ಲಿ. ಹೆಪ್ಪು ನಾಳ ಮುಚ್ಚಿದರೆ ಮಗುವಿಗೇ ಹೃದಯಾಘಾತ. ಹಾಗಾಗಿ ದೈತ್ಯ ಉಬ್ಬು ಇರುವ ಮಗುವಿಗೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಹೆಪಾರಿನ್ ಜಾತಿಯ ಚುಚ್ಚುಮದ್ದು. ಉಬ್ಬು ಬೆಳೆಯುತ್ತಿರುವಾಗ ವಾರಕ್ಕೆ ಎರಡು ಸಲ ಎಕೋ. ಆಮೇಲೆ ಕಾಯಿಲೆ ಶುರುವಾಗಿ 45 ದಿನದವರೆಗೆ ವಾರಕ್ಕೊಮ್ಮೆ, ಮೂರು ತಿಂಗಳವರೆಗೆ ತಿಂಗಳಿಗೊಮ್ಮೆ. ವಾರ್ಫರಿನ್ ತೆಗೆದುಕೊಳ್ಳುವ ಮಗುವಿಗೆ ಕಬಡ್ಡಿಯಂಥ ಪೆಟ್ಟು ಬೀಳುವ ಆಟ ಬೇಡ, ಅದನ್ನು ಶಾಲೆಯ ಮೇಷ್ಟರಿಗೆ ಬರೆದುಕೊಡಬೇಕು. ನಾಳ ಉಬ್ಬಿಲ್ಲದ ಮಗುವಿಗೆ ಆರೆಂಟು ವಾರದ ನಂತರ ಯಾವ ಕಟ್ಟುಪಾಡೂ ಇಲ್ಲ. ಅದನ್ನು ಕಾಯಿಲೆಯ ಕೂಸು ಅಂತ ಮೂಲೆಯಲ್ಲಿ ಕೂರಿಸಬೇಡಿ.

ಮಗು ಬೆಳೆದಂತೆ ಎದೆಗೂಡು ದಪ್ಪವಾಗುತ್ತದೆ, ನಾಳದ ದೂರದ ತುದಿಗಳು ಎಕೋಗೆ ಸಿಗುವುದಿಲ್ಲ. ಆಗ ಸಿ.ಟಿ. ಆಂಜಿಯೋ ಬೇಕಾಗುತ್ತದೆ. ಕೈಯ ನರಕ್ಕೆ ಡೈ ಹಾಕಿ ಕೆಲವೇ ಕ್ಷಣದಲ್ಲಿ ಚಿತ್ರ ತೆಗೆಯುತ್ತಾರೆ. ಉಬ್ಬಿನ ಆಕಾರ, ಒಳಗಿನ ಹೆಪ್ಪು, ಕಿರಿದಾದ ಜಾಗ, ಗೋಡೆಯಲ್ಲಿ ಕಟ್ಟಿದ ಸುಣ್ಣ ಎಲ್ಲ ಕಾಣುತ್ತದೆ. ಕಿರಣದ ಪ್ರಮಾಣ ಹೊಸ ಯಂತ್ರಗಳಲ್ಲಿ ಬಹಳ ಇಳಿದಿದೆ, ಆದರೂ ಕಾರಣವಿದ್ದರೆ ಮಾತ್ರ ಮಾಡಿಸುವುದು. ಎಂ.ಆರ್.ಐ.ಗೆ ಕಿರಣ ಇಲ್ಲ, ಹೃದಯದ ಮಾಂಸಖಂಡದಲ್ಲಿ ಕಲೆ ಆಗಿದೆಯಾ ಅನ್ನುವುದನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಹೊತ್ತು ಹಿಡಿಯುತ್ತದೆ, ಚಿಕ್ಕವರಿಗೆ ಅರಿವಳಿಕೆ ಕೊಡಬೇಕಾಗುತ್ತದೆ. ತೊಡೆಸಂದಿಯಿಂದ ಕ್ಯಾತಿಟರ್ ತೂರಿಸುವ ಆಂಜಿಯೋಗ್ರಾಂ ಈಗ ಕಡಿಮೆ, ನಾಳ ಮುಚ್ಚಿರುವ ಅನುಮಾನ ಇದ್ದಾಗ ಮಾಡುತ್ತಾರೆ.

ಸಮಾಧಾನದ ಮಾತು ಅಂದರೆ, ಉಬ್ಬಿದ ನಾಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೆರಡು ವರ್ಷದಲ್ಲಿ ಮೊದಲಿನ ಅಗಲಕ್ಕೆ ಮರಳುತ್ತವೆ. ಉಬ್ಬು ಸಣ್ಣದಿದ್ದಷ್ಟೂ ಸಾಧ್ಯತೆ ಹೆಚ್ಚು. ಅಗಲ ಸರಿಹೋದರೂ ಒಳಗೋಡೆ ದಪ್ಪವಾಗಿ ಉಳಿಯುವುದರಿಂದ ಇಂಥವರಿಗೆ ತಪಾಸಣೆ ಮುಂದುವರಿಯುತ್ತದೆ.

2020ರಿಂದ ಕೋವಿಡ್ ಬಂದು ಹೋದ ಕೆಲವು ವಾರಕ್ಕೆ ಮಕ್ಕಳಲ್ಲಿ ಕಂಡ, ಹಲವು ಅಂಗಗಳಿಗೆ ಉರಿಯೂತ ತರುವ ಎಂ.ಐ.ಎಸ್.-ಸಿ. ಅನ್ನುವ ಕಾಯಿಲೆ ಕೂಡ ಕವಾಸಾಕಿಯನ್ನೇ ಹೋಲುತ್ತಿತ್ತು. ಹೊಟ್ಟೆನೋವು ಜಾಸ್ತಿ, ಹೃದಯದ ಪಂಪ್ ಸೋಲುವುದು ಜಾಸ್ತಿ. ಅದಕ್ಕೂ ಇದೇ ಎಕೋ, ಇದೇ ಐ.ವಿ.ಐ.ಜಿ., ಸ್ಟೀರಾಯ್ಡ್ ನೆರವಾದವು. ತಕಯಾಸು ಅನ್ನುವ ಇನ್ನೊಂದು ನಾಳದ ಉರಿಯೂತ ಸ್ವಲ್ಪ ದೊಡ್ಡ ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಬರುತ್ತದೆ. ಅದು ಹಿಡಿಯುವುದು ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮತ್ತು ಅದರ ಕವಲುಗಳನ್ನು. ಶಾಲೆ ವಯಸ್ಸಿನ ಹುಡುಗಿಗೆ ಬಿ.ಪಿ. ಏರಿದ್ದು, ಒಂದು ಕೈಯ ನಾಡಿ ಸಿಗದೇ ಇದ್ದರೆ ಅದನ್ನು ನೆನೆಯಬೇಕು.

ಕೊನೆಗೆ ಅಂಗನವಾಡಿಯಲ್ಲಿ ಎದುರಾಗುವ ಒಂದು ಪ್ರಶ್ನೆ. ಐ.ವಿ.ಐ.ಜಿ. ಪಡೆದ ಮಗುವಿಗೆ ದಡಾರ ರುಬೆಲ್ಲಾ ಲಸಿಕೆ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ದಾನಿಗಳ ಪ್ರತಿಕಾಯ ಮಗುವಿನ ಮೈಯಲ್ಲಿ ಇರುವಷ್ಟು ಕಾಲ ಈ ಲಸಿಕೆ ಹಿಡಿಯುವುದಿಲ್ಲ. ಊರಿನಲ್ಲಿ ದಡಾರ ಹಬ್ಬಿದ್ದರೆ ವೈದ್ಯರು ಮೊದಲೇ ಒಂದು ಡೋಸ್ ಕೊಟ್ಟು, ಆಮೇಲೆ ಮತ್ತೆ ಹಾಕಿಸಲು ಹೇಳಬಹುದು. ಸತ್ತ ರೋಗಾಣುವಿನಿಂದ ಮಾಡಿದ ಬೇರೆ ಲಸಿಕೆಗಳಿಗೆ ಈ ತಡೆ ಇಲ್ಲ. ತಾಯಿ ಕಾರ್ಡಿನಲ್ಲಿ ಐ.ವಿ.ಐ.ಜಿ. ಕೊಟ್ಟ ತಾರೀಕನ್ನು ಆಸ್ಪತ್ರೆಯಲ್ಲೇ ಬರೆಸಿಕೊಂಡು ಬಂದರೆ, ಆಶಾ ಕಾರ್ಯಕರ್ತೆಗೆ ಲಸಿಕೆಯ ಹೊಸ ತಾರೀಕು ಗೊತ್ತುಮಾಡಲು ಅದೊಂದೇ ಸಾಕು.